ವೈರಿನ ಮೇಲೆ ಕೂತ ಬೆಕ್ಕು

ಮೋಟಾರು ರಿಪೇರಿಗೆ ಹೊಸದಾಗಿ ಇಳಿದವರು ಆಗಾಗ ಸುರಪುರದ ನಮ್ಮ ಮನೆಗೆ ಬರುತ್ತಾರೆ. ಚಹಾ ಮುಗಿಯುವವರೆಗೆ ಮರ್ಯಾದೆಯಿಂದ ಸುಮ್ಮನಿದ್ದು, ಆಮೇಲೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಯಾವ ಮೀಟರು ಕೊಂಡರೆ ಒಳ್ಳೆಯದು? ಯಾವುದಾದರೂ ಕೊಳ್ಳಿ, ತಪ್ಪು ಜಾಗದಲ್ಲಿ ಹಚ್ಚಿದರೆ ಎಲ್ಲವೂ ಒಂದೇ ಸುಳ್ಳು ಹೇಳುತ್ತವೆ ಎಂದರೆ ನಗುತ್ತಾರೆ. ಮುದುಕನಿಗೆ ಅರಳುಮರಳು ಎಂದುಕೊಂಡು ಹೋಗುತ್ತಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಹೆಸರು ಮೌಲಾಲಿ. ಜನ ಕರೆದದ್ದು ಮೌಲಾ ಮಿಸ್ತ್ರಿ. ಶಹಾಪುರಕ್ಕೂ ಸುರಪುರಕ್ಕೂ ನಡುವೆ, ಕಾಲುವೆಯ ದಂಡೆಗೆ ಇದ್ದ ಒಂದು ಸರ್ಕಾರಿ ಕ್ಯಾಂಪಿನ ವರ್ಕ್‌ಶಾಪಿನಲ್ಲಿ ನನ್ನ ಆಯುಷ್ಯ ಸವೆಯಿತು. ಬಡ್ತಿಯ ಸಂಗತಿ ಇಲ್ಲಿ ಬರೆಯುವುದಿಲ್ಲ. ಬಂದದ್ದು ಒಂದೇ, ಅದೂ ಬೇಕಾದಾಗ ಬರಲಿಲ್ಲ. ಬರೆಯಬೇಕಾದದ್ದು ಬೇರೆ ಇದೆ. ಒಂದು ರಿಜಿಸ್ಟರಿನಲ್ಲಿ ಮೂರು ಸಲ ಅದೇ ಎರಡು ಪದ ಬರೆದು ಒಬ್ಬ ಹೆಣ್ಣುಮಗಳ ನೌಕರಿಯನ್ನು ನಾನು ಕೈಯಾರೆ ಕಳೆಯಲು ಹೊರಟಿದ್ದೆ. ಆಕೆಯ ಹೆಸರು ಭೀಮಬಾಯಿ. ಆ ಎರಡು ಪದ: ‘ಬಳಸಿದವರ ತಪ್ಪು’.

ಈ ರೋಗ ನನಗೆ ಹತ್ತಿದ್ದು ಯಾದಗಿರಿಯಲ್ಲಿ. ಸ್ಟೇಷನ್ ರಸ್ತೆಯ ಒಂದು ವೈಂಡಿಂಗ್ ಅಂಗಡಿಯಲ್ಲಿ ನಾನು ಕೆಲಸ ಕಲಿತೆ. ಉಸ್ತಾದ್ ಗಫೂರ್ ಸಾಹೇಬರು ಮೀಟರನ್ನು ಮುಟ್ಟುತ್ತಿರಲಿಲ್ಲ. ತಿರುಗುವ ಮೋಟಾರಿನ ಮೈಗೆ ಸ್ಕ್ರೂಡ್ರೈವರಿನ ತುದಿ ಇಟ್ಟು, ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚುತ್ತಿದ್ದರು. ಅರ್ಧ ನಿಮಿಷದಲ್ಲಿ ಬೇರಿಂಗ್ ಒಣಗಿದೆಯೋ, ಬ್ರಷ್ ಸವೆದಿದೆಯೋ ಹೇಳುತ್ತಿದ್ದರು. ಬ್ರಷ್ ಎಂದರೆ ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಇದ್ದಲಿನಂಥ ಪುಟ್ಟ ತುಂಡು. ಗಿರಾಕಿ ಏನಾದರೂ ಹೇಳಲು ಬಾಯಿ ತೆರೆದರೆ ಕೈ ಎತ್ತಿ ತಡೆಯುತ್ತಿದ್ದರು. ನಮಗೆ ಹೇಳುತ್ತಿದ್ದದ್ದು ಒಂದೇ ಮಾತು: “ಮೋಟರ್ ಝೂಟ್ ನೈಂ ಬೋಲ್ತಿ ಬೇಟಾ, ಲಾನೆವಾಲೆ ಬೋಲ್ತೆ.” ಮೋಟಾರು ಸುಳ್ಳು ಹೇಳುವುದಿಲ್ಲ, ತಂದವರು ಹೇಳುತ್ತಾರೆ. ನಾನು ಅದನ್ನು ತಾಯತದಂತೆ ಕಟ್ಟಿಕೊಂಡೆ. ಉಸ್ತಾದರ ಕಿವಿ ಮಾತ್ರ ನನಗೆ ಬರಲಿಲ್ಲ, ಕೈ ಎತ್ತಿ ತಡೆಯುವುದು ಬೇಗ ಬಂತು.

ಕಾಲುವೆಗೆ ನೀರು ಬಂದ ಮೊದಲ ವರ್ಷಗಳವು. ಜೋಳದ ಹೊಲಗಳಿಗೆ ಭತ್ತ ಬಂತು, ಹೋಟೆಲುಗಳಿಗೆ ಅನ್ನ ಬಂತು, ಮನೆಮನೆಗೆ ಸೊಳ್ಳೆ ಬಂತು. ನಮ್ಮ ಕ್ಯಾಂಪಿಗೆ ಹುಲ್ಲು ಬಂತು. ತಂದವರು ಮೈಸೂರು ಕಡೆಯ ಶ್ರೀಕಂಠಯ್ಯ ಸಾಹೇಬರು, ನಮ್ಮ ದೊಡ್ಡ ಇಂಜಿನಿಯರು. ಒಳ್ಳೆಯ ಮನುಷ್ಯ. ಕಾಲುವೆ ಎಲ್ಲಿ ಸೋರುತ್ತಿದೆ ಎಂದು ಕೇಳಿದರೆ ನಕ್ಷೆ ನೋಡಿ ಹೇಳುತ್ತಿದ್ದರು, ಹುಲ್ಲು ಎಲ್ಲಿ ಒಣಗಿದೆ ಎಂದು ಕೇಳಿದರೆ ನೋಡದೆಯೇ ಹೇಳುತ್ತಿದ್ದರು. ಪ್ರವಾಸಿ ಬಂಗಲೆಯ ಮುಂದೆ ಒಂದು ಎಕರೆ ಹುಲ್ಲುಹಾಸು, ಸುತ್ತ ಮೆಹಂದಿಯ ಬೇಲಿ ಮಾಡಿಸಿದರು. ಎಮ್ಮೆಗೆ ಹಾಕಲು ಹುಲ್ಲಿಲ್ಲದ ನಾಡಿನಲ್ಲಿ ಹುಲ್ಲು ಬೆಳೆಸಿ, ಕತ್ತರಿಸಿ, ಚೆಲ್ಲುವ ಈ ಪದ್ಧತಿಯನ್ನು ನೋಡಲು ಸುತ್ತಲಿನ ಹಳ್ಳಿಗಳಿಂದ ಜನ ಬರುತ್ತಿದ್ದರು.

ಹುಲ್ಲಿನ ಹಿಂದೆಯೇ ಯಂತ್ರಗಳು ಬಂದವು. ಹುಲ್ಲು ಕತ್ತರಿಸಲು ಒಂದು, ಬೇಲಿ ಸವರಲು ಒಂದು, ಉದುರಿದ ಎಲೆಯನ್ನು ಊದಿ ಓಡಿಸಲು ಒಂದು. ಮೂರೂ ವೈರು ಕಟ್ಟಿಕೊಂಡು ಓಡಾಡುವ ಯಂತ್ರಗಳು. ಅವುಗಳನ್ನು ನಡೆಸಲು ಆರಿಸಿದ್ದು ಭೀಮಬಾಯಿಯನ್ನು. ಸಗರದವಳು. ಕಾಲುವೆ ಅಗೆಯುವಾಗ ತಲೆಯ ಮೇಲೆ ಮಣ್ಣು ಹೊತ್ತವಳು, ಅಗೆದು ಮುಗಿದ ಮೇಲೆ ದಿನಗೂಲಿಯ ಮಾಲಿಯಾಗಿ ಕ್ಯಾಂಪಿನಲ್ಲಿ ಉಳಿದಳು. ಗಂಡ ತೀರಿಕೊಂಡಿದ್ದ, ಇಬ್ಬರು ಹೆಣ್ಣುಮಕ್ಕಳು. ದಿನಗೂಲಿಯವರನ್ನು ಖಾಯಂ ಮಾಡುತ್ತಾರೆ ಎಂಬ ಸುದ್ದಿ ಆಗಲೇ ಹಬ್ಬಿತ್ತು. ಆ ಪಟ್ಟಿಯಲ್ಲಿ ತನ್ನ ಹೆಸರು ಬಂದರೆ ಮಕ್ಕಳ ಓದು ನಿಲ್ಲುವುದಿಲ್ಲ ಎಂದು ಅವಳು ಎಲ್ಲರೆದುರು ಹೇಳುತ್ತಿದ್ದಳು. ಅವಳಿಗೆ ಬೇರೆ ಆಸೆ ಇದ್ದದ್ದು ನಾನು ಕೇಳಿಲ್ಲ.

ಈ ಯಂತ್ರಗಳ ಜಾತಿ ನಮಗೆ ಹೊಸದು. ಹೊಲದ ಪಂಪಿನ ಮೋಟಾರು ಎತ್ತಿನಂತೆ ಒಂದೇ ನಡಿಗೆಯದು. ಇವು ಹಾಗಲ್ಲ. ಭಾರವಿಲ್ಲದಿದ್ದರೆ ಕಿರುಚುತ್ತ ಓಡುತ್ತವೆ, ಭಾರ ಬಿದ್ದರೆ ಬಗ್ಗುತ್ತವೆ, ಸ್ವಲ್ಪ ಕರೆಂಟು ಕಡಿಮೆಯಾದರೆ ಅಳುತ್ತವೆ. ಇವುಗಳ ವೇಗ ಕೆಟ್ಟಿತೆಂದರೆ ಕಾರಣ ಹತ್ತು ಇರಬಹುದು. ನಾನು ಹತ್ತನ್ನೂ ಒಂದೊಂದು ತಪ್ಪು ಮಾಡಿ ಕಲಿತೆ.

ಕೆಂಭಾವಿಯ ಒಂದು ಶಾಲೆಯಿಂದ ಬೇಲಿ ಸವರುವ ಯಂತ್ರ ಬಂತು. ಬ್ರಷ್ ಪೂರ್ತಿ ಸವೆದಿತ್ತು. ಹೊಸದು ಬೇಕೆಂದರೆ ಹೈದರಾಬಾದಿಗೆ ಹೋಗಬೇಕು. ನಾನು ಸತ್ತ ಟಾರ್ಚ್ ಸೆಲ್ಲುಗಳನ್ನು ಒಡೆದು, ಒಳಗಿನ ಕರಿ ಕಡ್ಡಿಯನ್ನು ಗರಗಸದಿಂದ ಕೊಯ್ದು, ಉಜ್ಜಿ ಬ್ರಷ್ ಮಾಡಿ ಕೂರಿಸಿದೆ. ಯಂತ್ರ ಓಡಿತು. ಹೆಡ್‌ಮಾಸ್ತರರು ಶಾಲೆಯ ಸಭೆಯಲ್ಲಿ ನನ್ನ ಬುದ್ಧಿಯನ್ನು ಹೊಗಳಿದರಂತೆ. ಹದಿನೈದು ದಿನಕ್ಕೆ ಆ ಗಟ್ಟಿ ಕಡ್ಡಿ ಒಳಗಿನ ತಾಮ್ರವನ್ನು ಹೆರೆದುಹಾಕಿ, ಯಂತ್ರ ಕಿಡಿ ಉಗುಳಿ ಮಲಗಿತು. ಬ್ರಷ್ ತಾನು ಸವೆಯುವುದಕ್ಕೇ ಹುಟ್ಟಿದ್ದು, ಎದುರಿನವರನ್ನು ಸವೆಸುವುದಕ್ಕಲ್ಲ. ಆದರೂ ನಾನು ಆ ಯಂತ್ರದ ಚೀಟಿಯಲ್ಲಿ ಏನು ಬರೆದೆ ಎಂದು ನೀವು ಊಹಿಸಬಹುದು.

ಇನ್ನೊಂದು ಸುರಪುರದ ವಕೀಲರೊಬ್ಬರದು. ಸುಟ್ಟ ಸುರುಳಿಯನ್ನು ಹೊಸದಾಗಿ ಸುತ್ತಿಕೊಡಬೇಕಿತ್ತು. ನಾವು ಸುತ್ತುಗಳನ್ನು ಬಾಯಲ್ಲಿ ಎಣಿಸುತ್ತಿದ್ದೆವು. ನಡುವೆ ಚಹಾ ಬಂತು, ಚಹಾದ ಹಿಂದೆ ಮಾತು ಬಂತು, ಎಣಿಕೆ ಎಲ್ಲಿತ್ತೋ ಮರೆತು ಅಂದಾಜಿನ ಮೇಲೆ ಮುಂದುವರಿಸಿದೆ. ಸುತ್ತು ಕಡಿಮೆಯಾದರೆ ಇಂಥ ಮೋಟಾರು ಬಲ ಕಳೆದುಕೊಂಡು ವೇಗ ಹೆಚ್ಚಿಸಿಕೊಳ್ಳುತ್ತದೆ. ಎದೆಮಟ್ಟದ ಬೇಲಿಯನ್ನು ಸಮ ಮಾಡಲು ಹೋದ ವಕೀಲರ ಮಾಲಿ ಒಮ್ಮೆ ಎಡಕ್ಕೆ ತಗ್ಗು, ಒಮ್ಮೆ ಬಲಕ್ಕೆ ತಗ್ಗು ಮಾಡುತ್ತ ಬೇಲಿಯನ್ನು ಮೊಣಕಾಲಿಗೆ ಇಳಿಸಿದ. ವಕೀಲರಿಗೆ ಖುಷಿಯಾಯಿತು. ಬೀದಿಯಲ್ಲಿ ಹೋಗುವವರಿಗೆ ಅವರ ಹೊಸ ಕಾರು ಕಾಣತೊಡಗಿತ್ತು. ಹೀಗೆ ಕೆಲವು ತಪ್ಪುಗಳಿಗೆ ನನಗೆ ಸಲಾಮು ಸಿಕ್ಕಿದ್ದುಂಟು.

ಇಂಥವುಗಳಲ್ಲಿ ಎಲ್ಲಕ್ಕಿಂತ ದೊಡ್ಡ ಸಲಾಮು ಸಿಕ್ಕಿದ್ದು ವೈರಿನ ಗಾಲಿಗೆ.

ಬಂಗಲೆಯ ಹುಲ್ಲುಹಾಸು ದೊಡ್ಡದು, ಪ್ಲಗ್ಗು ಇದ್ದದ್ದು ವರಾಂಡದಲ್ಲಿ ಒಂದೇ. ತುದಿಯವರೆಗೆ ಮುಟ್ಟಲು ಉದ್ದದ ವೈರು ಬೇಕಿತ್ತು. ಸಾಹೇಬರು ಖರೀದಿಗೆ ಬರೆದರೆ ಮೇಲಿನ ಕಚೇರಿ ಎರಡು ಸಲ ತಿರುಗಿಸಿ ಕಳಿಸಿತು. ಆಗ ನನ್ನ ಕಣ್ಣು ಸ್ಟೋರಿನ ಮೂಲೆಗೆ ಹೋಯಿತು. ಕಾಲುವೆಯ ಗೇಟಿನಿಂದ ಗೇಟಿಗೆ ನೀರಿನ ಮಟ್ಟ ಹೇಳಲು ಮೊದಲು ಟೆಲಿಫೋನು ಹಾಕಿದ್ದರು. ವೈರ್‌ಲೆಸ್ ಬಂದ ಮೇಲೆ ಆ ಟೆಲಿಫೋನಿನ ವೈರು ಸುರುಳಿ ಸುರುಳಿಯಾಗಿ ಅಲ್ಲಿ ಬಿದ್ದಿತ್ತು. ಗಟ್ಟಿ ವೈರು, ಎಳೆದರೆ ಹರಿಯುವುದಿಲ್ಲ, ಮಳೆಗೆ ಹೆದರುವುದಿಲ್ಲ. ನಾನು ಅದನ್ನು ಒಂದು ಮರದ ಗಾಲಿಗೆ ನೂರು ಮೀಟರು ಸುತ್ತಿ, ಒಂದು ತುದಿಗೆ ಪಿನ್ನು, ಇನ್ನೊಂದು ತುದಿಗೆ ಸಾಕೆಟ್ಟು ಕಟ್ಟಿ, ಗಾಲಿಗೆ ನೀಲಿ ಬಣ್ಣ ಬಳಿದು ಸಾಹೇಬರ ಮುಂದೆ ಇಟ್ಟೆ. ಕಸದಿಂದ ರಸ ತೆಗೆದಿದ್ದೀರಿ ಎಂದು ಅವರು ಒಂದು ಪ್ರಶಂಸಾಪತ್ರ ಕೊಟ್ಟರು. ಅದಕ್ಕೆ ಕಟ್ಟು ಹಾಕಿಸಿ ವರ್ಕ್‌ಶಾಪಿನ ಗೋಡೆಗೆ ತೂಗುಹಾಕಿದೆ.

ಮಾತು ಕಳಿಸಲು ಮಾಡಿದ ವೈರಿಗೂ ಮೋಟಾರು ತಿರುಗಿಸುವ ವೈರಿಗೂ ಇರುವ ಭೇದ ನನಗೆ ಗೊತ್ತಿರಲಿಲ್ಲ ಎಂದಲ್ಲ. ಟೆಲಿಫೋನಿನ ವೈರಿನಲ್ಲಿ ತಾಮ್ರಕ್ಕಿಂತ ಉಕ್ಕು ಹೆಚ್ಚು, ಎಳೆಯೂ ಸಣ್ಣದು, ಭಾರದ ಕರೆಂಟನ್ನು ಅದು ದಾರಿಯಲ್ಲೇ ತಿಂದುಹಾಕುತ್ತದೆ. ಪರೀಕ್ಷೆಯಲ್ಲಿ ಕೇಳಿದ್ದರೆ ಬರೆದು ಅಂಕ ತೆಗೆದುಕೊಳ್ಳುತ್ತಿದ್ದೆ. ಆದರೆ ಕೈಯಿಂದ ಮಾಡಿದ ವಸ್ತುವಿನ ಮೇಲೆ ಪ್ರಶಂಸಾಪತ್ರ ಬಂದ ಮೇಲೆ ಅದರೊಳಗೆ ಏನಿದೆ ಎಂದು ಯಾರು ನೋಡುತ್ತಾರೆ?

ಮೊದಲ ಚಳಿಗಾಲದಲ್ಲೇ ಭೀಮಬಾಯಿ ಹುಲ್ಲಿನ ಯಂತ್ರವನ್ನು ಹೊತ್ತು ತಂದಳು. ಯಂತ್ರಕ್ಕೆ ಗಾಲಿ ಇದ್ದವು, ಆದರೆ ದಾರಿಯ ಜಲ್ಲಿಗೆ ಕೆಡುತ್ತವೆಂದು ತಲೆಯ ಮೇಲೆ ಸಿಂಬಿ ಇಟ್ಟು ಹೊತ್ತಿದ್ದಳು. ವೈರಿನ ಗಾಲಿ ಬಂಗಲೆಯಲ್ಲೇ ಉಳಿದಿತ್ತು. ನಮ್ಮ ಟೇಬಲ್ಲಿಗೆ ಅದರದೇ ಪ್ಲಗ್ಗು, ಅದರದೇ ದಪ್ಪ ವೈರು. ಹಚ್ಚಿದೆ. ಯಂತ್ರ ಹಾಡಿತು. ಕತ್ತರಿಸಲು ಟೇಬಲ್ಲಿನ ಮೇಲೆ ಹುಲ್ಲೆಲ್ಲಿಂದ ಬರಬೇಕು?

“ಇಲ್ಲಿ ಚಲೋ ತಿರಗ್ತದ್ರಿ. ಅಲ್ಲಿ ಹುಲ್ಲಿಗಿ ಹಚ್ಚಿದ್ರ ಸೊರಗ್ತದ,” ಅಂದಳು.

ಒತ್ತಿ ಹಿಡಿಯುತ್ತೀಯೇನು, ಹಸಿ ಹುಲ್ಲಿಗೆ ಬಿಡುತ್ತೀಯೇನು ಎಂದು ವಕೀಲರ ಧಾಟಿಯಲ್ಲಿ ಕೇಳಿದೆ. ಇಲ್ಲ ಎಂದಳು. ಆಮೇಲೆ ತಾನಾಗಿ ಇನ್ನೊಂದು ಮಾತು ಹೇಳಿದಳು. ಚಳಿ ಬಿದ್ದಾಗಿನಿಂದ ಬಂಗಲೆಯ ಬೆಕ್ಕು ಆ ನೀಲಿ ಗಾಲಿಯ ಮೇಲೆ ಕೂರುತ್ತದೆ, ಯಂತ್ರ ನಡೆದಿರುವಾಗಲೇ ಕೂರುತ್ತದೆ, ಎಬ್ಬಿಸಿದರೂ ಏಳುವುದಿಲ್ಲ. ಉಸ್ತಾದರ ಹಾಗೆ ನಾನು ಕೈ ಎತ್ತಿ ತಡೆದೆ. ಮೋಟಾರಿನ ವಿಷಯ ಹೇಳು, ಬೆಕ್ಕಿನ ವಿಷಯ ಪಶುವೈದ್ಯರಿಗೆ ಹೇಳು ಎಂದೆ. ವರ್ಕ್‌ಶಾಪಿನವರೆಲ್ಲ ನಕ್ಕರು. ರಿಜಿಸ್ಟರಿನಲ್ಲಿ ನಾಲ್ಕು ಅಂಕಣ: ಯಂತ್ರ, ದೋಷ, ಕಾರಣ, ಮಾಡಿದ ಕೆಲಸ. ದೋಷ: ವೇಗ ಕಡಿಮೆ. ಕಾರಣ: ಬಳಸಿದವರ ತಪ್ಪು, ಭೀಮಬಾಯಿ, ಮಾಲಿ.

ಮರುವರ್ಷ ಎರಡನೆಯ ಸಲ ತಂದಾಗ ಬ್ರಷ್ಷು ನಿಜವಾಗಿಯೂ ಸುಟ್ಟಿತ್ತು. ಬಗ್ಗಿದ ಮೋಟಾರನ್ನು ಇನ್ನಷ್ಟು ದುಡಿಸಿದರೆ ಬ್ರಷ್ಷು ಸುಡುತ್ತದೆ, ಆದರೆ ಬಗ್ಗಿದ್ದೇಕೆ ಎಂದು ನಾನು ಕೇಳಿಕೊಳ್ಳಲಿಲ್ಲ. ಅದರ ಮರುವರ್ಷ ಮೂರನೆಯ ಸಲ ತಂದಾಗ ಅಚ್ಚಿಗೆ ಹುಲ್ಲು ಸುತ್ತಿಕೊಂಡಿತ್ತು, ಸುಲಭದ ಕಾರಣ ಸಿಕ್ಕಿತೆಂದು ಸಂತೋಷವಾಯಿತು. ಎರಡೂ ಸಲ ಕಾರಣದ ಅಂಕಣದಲ್ಲಿ ಅದೇ ಎರಡು ಪದ. ಒಮ್ಮೆಯೂ ಎದ್ದು ಬಂಗಲೆಗೆ ಹೋಗಲಿಲ್ಲ. ರೋಗಿ ದವಾಖಾನೆಗೆ ಬರಬೇಕು, ಡಾಕ್ಟರು ರೋಗಿಯ ಮನೆಗೆ ಹೋಗಬಾರದು ಎಂಬುದು ನಮ್ಮ ವರ್ಕ್‌ಶಾಪಿನ ರಿವಾಜು. ಟೇಬಲ್ಲು ಬಿಟ್ಟು ಎದ್ದ ಮಿಸ್ತ್ರಿಯನ್ನು ಹೆಲ್ಪರ್ ಎಂದುಕೊಳ್ಳುತ್ತಾರೆ ಎಂಬ ಭಯ ಎಲ್ಲರಿಗೂ ಇತ್ತು.

ಹೀಗಿರುವಾಗ ಸಾಹೇಬರು ನನ್ನನ್ನು ಕರೆಸಿದರು. ಮುಂದೆ ಎರಡು ಸಂಗತಿ ಇದ್ದವು. ಸೋಮವಾರ ಮೇಲಿನ ಕಚೇರಿಯ ದೊಡ್ಡ ಅಧಿಕಾರಿ ಬರುತ್ತಿದ್ದರು, ಹುಲ್ಲು ಅಂಗೈಯಂತೆ ಇರಬೇಕು. ಮತ್ತು ಆ ವಾರವೇ ಖಾಯಂ ಮಾಡುವವರ ಪಟ್ಟಿ ಹೋಗಬೇಕು.

“ನಿಮ್ಮ ರಿಜಿಸ್ಟರ್ ತರಿಸಿ ನೋಡ್ದೆ ಕಣ್ರೀ. ಈಕೆ ಹೆಸರಲ್ಲಿ ಮೂರು ಸಲ ತಪ್ಪು ಅಂತ ಬರ್ದಿದೀರ. ಇಂಥವರನ್ನ ಪಟ್ಟೀಲಿ ಹೇಗೆ ಸೇರಿಸ್ಲಿ?”

ಅದೇ ಮಾತು ಮೂರು ಸಲ ಬರೆದು ಕೈ ತೊಳೆದುಕೊಂಡಿದ್ದೆ, ಅದನ್ನು ಯಾರಾದರೂ ಓದುತ್ತಾರೆ ಎಂದು ನನಗೆ ಹೊಳೆದೇ ಇರಲಿಲ್ಲ. ಸಾಹೇಬರು ಮುಂದುವರಿದು, ಯಂತ್ರ ಸರಿಯಾಗಿದೆ ಎಂದು ಹೇಳುವ ನೀವೇ ಹೋಗಿ ಒಮ್ಮೆ ನಡೆಸಿ ತೋರಿಸಿ, ಅವಳ ತಪ್ಪು ಹೌದೋ ಅಲ್ಲವೋ ಅಲ್ಲೇ ಗೊತ್ತಾಗಲಿ ಎಂದರು.

ಅದು ಗುರುವಾರ. ನೌಕರಿಗೆ ಸೇರಿದ ಮೇಲೆ ಮೊದಲ ಸಲ ಪಾನಾ-ಪಕ್ಕಡ ಹಿಡಿದು ಬಂಗಲೆಯ ತೋಟಕ್ಕೆ ಕಾಲಿಟ್ಟೆ. ಭೀಮಬಾಯಿ ವರಾಂಡದಲ್ಲಿ ಪಿನ್ನು ಚುಚ್ಚಿ, ಗಾಲಿಯಿಂದ ಅರ್ಧ ವೈರು ಬಿಚ್ಚಿ ಯಂತ್ರಕ್ಕೆ ಹಚ್ಚಿಟ್ಟಿದ್ದಳು. ಗಾಲಿಯ ಮೇಲೆ ಬೆಕ್ಕು ಕಣ್ಣು ಮುಚ್ಚಿ ಕೂತಿತ್ತು. ಯಂತ್ರ ಹೀಗೆ ಹಿಡಿಯಬೇಕು ನೋಡು ಎಂದು ಅವಳಿಗೆ ಪಾಠ ಹೇಳುತ್ತ ನಾನು ಶುರು ಮಾಡಿದೆ. ಹುಲ್ಲಿಗೆ ಮುಟ್ಟುವವರೆಗೆ ಚೆನ್ನಾಗಿ ಹಾಡಿತು. ಮುಟ್ಟಿದೊಡನೆ ಧ್ವನಿ ಇಳಿಯಿತು. ಹತ್ತು ಹೆಜ್ಜೆಗೆ ಏದುಸಿರು ಬಿಟ್ಟಿತು. ಒತ್ತಿದೆ, ಎತ್ತಿದೆ, ಹಗುರಾಗಿ ಹಿಡಿದೆ. ಹುಲ್ಲು ಕತ್ತರಿಸುವ ಬದಲು ಬಾಚಿದಂತಾಯಿತು. ಬ್ರಷ್ಷಿನ ಕಿಂಡಿಯಿಂದ ಕಿಡಿ ಕಂಡಿತು.

ಭೀಮಬಾಯಿ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದಳು. “ನಿಮ್ಮ ಕೈಯಾಗೂ ಹಂಗ ಮಾಡ್ತದಲ್ರಿ, ಮಿಸ್ತ್ರಿ,” ಅಂದಳು. ಧ್ವನಿಯಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ವೋಲ್ಟೇಜು ಕಡಿಮೆ ಇರಬೇಕು ಎಂದೆ. ಕಾಲುವೆಗೆ ನೀರು ಬಿಟ್ಟ ದಿನ ದಂಡೆಯುದ್ದಕ್ಕೂ ಪಂಪುಗಳು ಎದ್ದು ಕೂತು, ಕ್ಯಾಂಪಿನ ದೀಪ ಕುಂಬಳಕಾಯಿ ಬಣ್ಣಕ್ಕೆ ತಿರುಗುತ್ತಿದ್ದದ್ದು ನಿಜ. ಆದರೆ ಅವತ್ತು ಕಾಲುವೆ ಬಂದ್ ಆಗಿತ್ತು. ವರಾಂಡದ ದೀಪ ಬೆಳ್ಳಗೆ ಉರಿಯುತ್ತಿತ್ತು. ಭೀಮಬಾಯಿ ಅದನ್ನು ಬೆರಳು ಮಾಡಿ ತೋರಿಸಿದಳು. ವಿಚಾರ ಮಾಡಲು ಕೂರಬೇಕೆನ್ನಿಸಿ, ಬೆಕ್ಕನ್ನು ನೂಕಿ ಆ ಗಾಲಿಯ ಮೇಲೆ ನಾನು ಕೂತೆ.

ಕೂತೊಡನೆ ಗೊತ್ತಾಯಿತು. ಬೆಚ್ಚಗಿತ್ತು. ಬೆಕ್ಕಿನ ಮೈಯ ಬಿಸಿಯಲ್ಲ, ಗಾಲಿಯ ಒಳಗಿನಿಂದ ಬರುವ ಬಿಸಿ. ನನ್ನ ಪ್ರಶಂಸಾಪತ್ರ ನನ್ನನ್ನು ಕೆಳಗಿನಿಂದ ಕಾಯಿಸುತ್ತಿತ್ತು. ಮೂರು ವರ್ಷ ಆ ಬೆಕ್ಕು ಕಂಡುಕೊಂಡಿದ್ದನ್ನು ನಾನು ಕೂತು ಕಂಡುಕೊಂಡೆ.

ಮೀಟರು ತಂದು ಯಂತ್ರದ ತುದಿಯಲ್ಲಿ ಹಚ್ಚಿ, ಅವಳಿಗೆ ಹುಲ್ಲಿನಲ್ಲಿ ನಡೆಸಲು ಹೇಳಿದೆ. ಮುಳ್ಳು ಸರ್ರನೆ ಇಳಿಯಿತು. ಯಂತ್ರ ಎತ್ತಿದಳು, ಏರಿತು. ಸುಮ್ಮನೆ ಓಡುವಾಗ ಕರೆಂಟು ಸ್ವಲ್ಪವೇ ಬೇಕು, ವೈರು ಕೊಡುತ್ತದೆ. ದುಡಿಯುವಾಗ ಹೆಚ್ಚು ಬೇಕು, ಅರ್ಧದಾರಿಯಲ್ಲೇ ಬಿಸಿಯಾಗಿ ಹೋಗುತ್ತದೆ. ಟೇಬಲ್ಲಿನ ಮೇಲೆ ನಾನು ಇದನ್ನು ಸಾಯುವವರೆಗೂ ಕಾಣುತ್ತಿರಲಿಲ್ಲ. ಅವಳಿಗೆ ಬಿಡಿಸಿ ಹೇಳಿದೆ: ಹೊರಟದ್ದೆಲ್ಲ ಮುಟ್ಟುವುದಿಲ್ಲ, ಸ್ವಲ್ಪ ದಾರಿಯಲ್ಲೇ ಕಳೆದುಹೋಗುತ್ತದೆ.

“ನಮ್ಮಣ್ಣನ ಹೊಲ ಕಾಲುವಿ ಕಡೀಕದ್ರಿ. ಮ್ಯಾಲ ಗೇಟ್ ತಗದಾರಂತಾರ, ನಮಗ ನೀರು ಬರಂಗಿಲ್ಲ. ಹಂಗ ಏನ್ರಿ?” ಅಂದಳು.

ಹಾಗೆಯೇ ಎಂದೆ. ಐದು ವರ್ಷ ಕಲಿತ ವಿದ್ಯೆ ಒಂದು ಮಾತಿನಲ್ಲಿ ಮುಗಿಯಿತು. ಪಂಪ್‌ಹೌಸಿನಿಂದ ದಪ್ಪ ತಾಮ್ರದ ವೈರು ತಂದು ಹಚ್ಚಿಕೊಟ್ಟೆ. ಅವಳು ಯಂತ್ರ ಹಿಡಿದು ಒಂದು ತುದಿಯಿಂದ ಇನ್ನೊಂದು ತುದಿಗೆ ನಿಲ್ಲದೆ ಹೋಗಿ ಬಂದಳು. ಧ್ವನಿ ಇಳಿಯಲಿಲ್ಲ. ಯಂತ್ರ ಆರಿಸಿ ನನ್ನ ಹತ್ತಿರ ಬಂದು ಕೇಳಿದ್ದು ಒಂದೇ: “ಇದನ್ನ ರಜಿಸ್ಟರದಾಗ ಬರಿತೀರೇನ್ರಿ?”

“ಬರೀತೇನವಾ,” ಅಂದೆ. ಯಾವಾಗ ಎಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಇಲ್ಲಿಂದ ಮುಂದಿನದನ್ನು ಬರೆಯಲು ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ. ಆ ಸಂಜೆಯೇ ಸಾಹೇಬರ ಮುಂದೆ ಹೋಗಿ ಬಾಯಿ ಬಿಡುವವನಿದ್ದೆ. ಅವರೇ ಮೊದಲು ಮಾತಾಡಿದರು, ತೋಟದಲ್ಲಿ ಏನಾಯಿತೆಂದು ಕೇಳುವುದನ್ನೂ ಮರೆತಿದ್ದರು. ಸೋಮವಾರ ದೊಡ್ಡ ಅಧಿಕಾರಿಗೆ ತೋರಿಸಬೇಕಾದ ವಸ್ತುಗಳಲ್ಲಿ ನನ್ನ ನೀಲಿ ಗಾಲಿಯೂ ಇತ್ತು. ಹಳೆಯ ಸಾಮಾನಿನಿಂದ ಹೊಸ ಉಪಯೋಗ ಎಂದು ಹಲಗೆ ಬರೆಸಿದ್ದರು. ಅವರ ಮುಖದಲ್ಲಿ ಅಂಥ ಉತ್ಸಾಹವನ್ನು ಕಾಲುವೆ ಒಡೆದು ಕಟ್ಟಿದಾಗಲೂ ನೋಡಿರಲಿಲ್ಲ. ಸೋಮವಾರ ಮುಗಿಯಲಿ, ಪಟ್ಟಿ ಅಷ್ಟರಲ್ಲಿ ಹೋಗಲಾರದು, ಮಂಗಳವಾರ ಹೇಳಿದರಾಯಿತು ಎಂದುಕೊಂಡು ಬಂದೆ. ಸಾಹೇಬರ ಮರ್ಯಾದೆಗಾಗಿ ಎಂದು ನನಗೆ ನಾನೇ ಹೇಳಿಕೊಂಡೆ. ಗೋಡೆಯ ಮೇಲಿನ ಕಟ್ಟು ಯಾರ ಮರ್ಯಾದೆ ಎಂದು ಮನಸ್ಸಿಗೆ ಗೊತ್ತಿತ್ತು.

ಸೋಮವಾರ ದೊಡ್ಡ ಅಧಿಕಾರಿ ಬಂದರು. ನೀಲಿ ಗಾಲಿಗೆ ಚೆಂಡು ಹೂವಿನ ಮಾಲೆ ಹಾಕಿ ವರಾಂಡದಲ್ಲಿಟ್ಟಿದ್ದೆವು. ಯಂತ್ರ ಓಡಿದ್ದು ಮಾತ್ರ ಪಂಪ್‌ಹೌಸಿನ ದಪ್ಪ ವೈರಿನ ಮೇಲೆ. ಅದು ಕಾಣಬಾರದೆಂದು ಗೋಡೆಯ ಬುಡಕ್ಕೆ ಹಾಸಿ ಮೇಲೆ ಕತ್ತರಿಸಿದ ಹುಲ್ಲು ಮುಚ್ಚಿಸಿದ್ದೆ. ಮುಚ್ಚಿದವಳು ಭೀಮಬಾಯಿ, ನಾನು ಹೇಳಿದ ಮೇಲೆ. ಅಧಿಕಾರಿ ಗಾಲಿಯನ್ನು ತಟ್ಟಿ, ದೇಶಕ್ಕೆ ಇಂಥ ಕೈಗಳು ಬೇಕು ಎಂದು ನನ್ನ ಕೈ ಕುಲುಕಿದರು. ಅವರ ಹಿಂದೆ ಭೀಮಬಾಯಿ ಹುಲ್ಲು ಕತ್ತರಿಸುತ್ತ ಹೋಗಿ ಬರುತ್ತಿದ್ದಳು. ಎಲೆಗಳಿಲ್ಲದ ಅಂಗಳ, ಅಂಗೈಯಂಥ ಹುಲ್ಲು.

ಮಂಗಳವಾರ ಬೆಳಿಗ್ಗೆ ರಿಜಿಸ್ಟರು ಹಿಡಿದು ಸಾಹೇಬರ ಮುಂದೆ ನಿಂತು ಎಲ್ಲವನ್ನೂ ಹೇಳಿದೆ. ಅವರು, ಪಟ್ಟಿ ಶನಿವಾರವೇ ಹೋಯಿತಲ್ಲ ಎಂದರು. ಗುಮಾಸ್ತ ಅದನ್ನು ಹಿಡಿದುಕೊಂಡು ಯಾದಗಿರಿಯಲ್ಲಿ ರೈಲು ಹತ್ತಿದ್ದ. ಅದರಲ್ಲಿ ಭೀಮಬಾಯಿಯ ಹೆಸರಿರಲಿಲ್ಲ. ಗುರುವಾರ ಸಂಜೆ ನಾನು ಬಾಯಿ ಬಿಟ್ಟಿದ್ದರೆ ಇರುತ್ತಿತ್ತು.

ಹಳೆಯ ಮೂರು ಸಾಲು ಹೊಡೆದುಹಾಕುತ್ತೇನೆ ಎಂದೆ. ರಿಜಿಸ್ಟರಿನಲ್ಲಿ ಹೊಡೆದುಹಾಕುವಂತಿಲ್ಲ, ಬೇಕಾದರೆ ಹೊಸ ಸಾಲು ಬರೆಯಿರಿ ಎಂದರು. ಅಲ್ಲೇ ನಿಂತು ಬರೆದೆ. ದೋಷ: ವೇಗ ಕಡಿಮೆ. ಕಾರಣ: ವೈರು ತಪ್ಪು, ಮಾಡಿದವನು ಮೌಲಾಲಿ, ಮಿಸ್ತ್ರಿ. ಹಿಂದಿನ ಮೂರೂ ಇದೇ ಕಾರಣ. ಸಾಹೇಬರು ಓದಿ, “ಇದನ್ನ ಬರೆದ್ರೆ ನಿಮ್ಮ ಬಡ್ತಿಗೆ ತೊಂದ್ರೆ ಆಗುತ್ತೆ, ಗೊತ್ತೇನ್ರೀ?” ಎಂದರು. ಗೊತ್ತು ಎಂದೆ. ಅವರು ಸಹಿ ಹಾಕಿದರು. ಆಮೇಲೆ ಎರಡು ಸಲ ಮೇಲಿನ ಕಚೇರಿಗೆ ಅವಳಿಗಾಗಿ ಪತ್ರ ಬರೆದದ್ದೂ ಅವರೇ. ಹುಲ್ಲಿನ ಮೇಲಿನ ಅವರ ಹುಚ್ಚಿಗೆ ನಕ್ಕಿದ್ದೇನೆ, ಈ ಪತ್ರಗಳಿಗೆ ನಗಲಾರೆ.

ಹೊರಗೆ ಬಂದು ಭೀಮಬಾಯಿಗೆ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಕೇಳಿದ್ದು ಇಷ್ಟು: “ನಾ ಏನು ಮಾಡ್ದೆ ಅಂತ ಮೂರು ಸಲ ಬರದ್ರಿ. ನಾ ಏನು ಹೇಳ್ದೆ ಅಂತ ಒಂದು ಸಲನೂ ಯಾಕ ಬರೀಲಿಲ್ಲ್ರಿ?”

ವರ್ಕ್‌ಶಾಪಿಗೆ ಹೋಗಿ ಗೋಡೆಯ ಕಟ್ಟು ಇಳಿಸಿದೆ. ರಿಜಿಸ್ಟರು ತೆಗೆದು, ಸ್ಕೇಲು ಇಟ್ಟು, ಖಾಲಿ ಉಳಿದ ಪುಟಗಳಲ್ಲೆಲ್ಲ ಐದನೆಯ ಅಂಕಣ ಎಳೆದೆ. ಮೇಲೆ ಬರೆದೆ: ‘ತಂದವರು ಹೇಳಿದ್ದು’. ಅದರ ಮೊದಲ ಸಾಲಿನಲ್ಲಿ, ಮೂರು ವರ್ಷ ತಡವಾಗಿ, ವೈರಿನ ಗಾಲಿಯ ಮೇಲೆ ಬೆಕ್ಕು ಕೂರುತ್ತದೆ ಎಂದು ಬರೆದೆ.

ಮರುವರ್ಷ ಲೆಕ್ಕ ತಪಾಸಣೆಯವರು ಬಂದು ಆ ಸಾಲಿಗೆ ಕೆಂಪು ಗೆರೆ ಹಾಕಿದರು. ಹುಲ್ಲಿನ ಯಂತ್ರಕ್ಕೂ ಬೆಕ್ಕಿಗೂ ಏನು ಸಂಬಂಧ, ಈ ಬೆಕ್ಕು ಇಲಾಖೆಯ ಆಸ್ತಿಯೇ, ವಿವರಣೆ ಕೊಡತಕ್ಕದ್ದು. ನಾನು ಎರಡು ಪುಟದ ವಿವರಣೆ ಬರೆದೆ. ಸೇವೆಯಲ್ಲಿ ನಾನು ಸಂತೋಷದಿಂದ ಬರೆದ ಸರ್ಕಾರಿ ಕಾಗದ ಅದೊಂದೇ.

ಆ ಅಂಕಣ ನನ್ನ ಕೆಲಸವನ್ನೇ ಬದಲಿಸಿತು. ಯಂತ್ರ ಬಂದರೆ ಮೊದಲು ತಂದವರನ್ನು ಕೂರಿಸಿ ಕೇಳಿದೆ, ಆಮೇಲೆ ಯಂತ್ರ ನಡೆಯುವ ಜಾಗಕ್ಕೆ ನಾನೇ ಹೋದೆ. ಶಹಾಪುರದ ದವಾಖಾನೆಯ ಎಲೆ ಊದುವ ಯಂತ್ರ ಮಧ್ಯಾಹ್ನ ಮಾತ್ರ ಮಂದವಾಗುತ್ತದೆ ಎಂದು ಅಲ್ಲಿನ ಆಯಾ ಹೇಳಿದ್ದರಿಂದ, ಅದೇ ಕರೆಂಟಿನ ಲೈನಿನಲ್ಲಿ ಮಧ್ಯಾಹ್ನ ಅಡುಗೆಮನೆಯ ಹೀಟರು ಹಚ್ಚುವುದು ಪತ್ತೆಯಾಯಿತು. ಹೊಸ ಯಂತ್ರಗಳು ಬಂದವು, ವೇಗ ಏರಿಳಿಸುವ ಗುಂಡಿ ಬಂತು, ಬಿಚ್ಚಲಾಗದ ಡಬ್ಬಿ ಬಂತು. ಈಗ ದೋಷವನ್ನು ಫೋನಿನ ಪರದೆಯಲ್ಲಿ ಒತ್ತಿ ಕಳಿಸುತ್ತಾರಂತೆ. ಒತ್ತಲು ಹನ್ನೆರಡು ಕಾರಣಗಳಿವೆಯಂತೆ. ಬೆಕ್ಕಿಗೆ ಜಾಗವಿದೆಯೇ ಎಂದು ಕೇಳಿದೆ. ಇಲ್ಲವಂತೆ.

ಭೀಮಬಾಯಿ ಮುಂದಿನ ವರ್ಷದ ಪಟ್ಟಿಯಲ್ಲಿ ಖಾಯಂ ಆದಳು. ಅವಳ ಕೈಕೆಳಗೆ ಬೇಲಿ ಸವರಲು ಕಲಿತವನೊಬ್ಬ ಹಿಂದಿನ ಪಟ್ಟಿಯಲ್ಲೇ ಸೇರಿ ಅವಳಿಗಿಂತ ಹಿರಿಯನಾಗಿದ್ದ. ಮಕ್ಕಳು ಓದಿದರು, ಒಬ್ಬಳು ಸಗರದಲ್ಲೇ ಶಾಲೆಯ ಮಾಸ್ತರಿಣಿ. ನಾವಿಬ್ಬರೂ ಎಂದೂ ಆ ಮಾತು ಮತ್ತೆ ಎತ್ತಲಿಲ್ಲ. ಯಂತ್ರ ಕೆಟ್ಟರೆ ಬಂದು ಕೂರುತ್ತಿದ್ದಳು, ಹೇಳುತ್ತಿದ್ದಳು, ನಾನು ಬರೆದುಕೊಳ್ಳುತ್ತಿದ್ದೆ. ಮರೆತಿರಬೇಕು ಎಂದುಕೊಂಡು ನಾನು ನಿವೃತ್ತನಾದೆ.

ಅವಳ ನಿವೃತ್ತಿಯ ದಿನ ನನ್ನನ್ನೂ ಕರೆದಿದ್ದರು. ಪೂರ್ತಿ ಪಿಂಚಣಿಗೆ ಬೇಕಾದ ಸೇವೆಗೆ ಒಂದೇ ಒಂದು ವರ್ಷ ಕಡಿಮೆ ಬಿತ್ತೆಂದು ಗುಮಾಸ್ತ ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳಿದ. ಯಾವ ವರ್ಷ ಎಂದು ಅವನಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಹೊಸ ಸಾಹೇಬರು ಅವಳ ಸೇವೆಯನ್ನು ಹೊಗಳಿದರು, ಶಾಲು ಹೊದಿಸಿದರು. ಆಮೇಲೆ ಅವಳು ಶೇಂಗಾದ ಉಂಡಿಯ ಬುಟ್ಟಿ ಹಿಡಿದು ಸಾಲಿನುದ್ದ ಬಂದಳು. ನನ್ನ ಮುಂದೆ ನಿಂತು ಎರಡು ಉಂಡಿ ಕೈಯಲ್ಲಿಟ್ಟಳು.

“ಅವತ್ತು ಹೇಳಿದ್ರಿ ನೋಡ್ರಿ, ಮಿಸ್ತ್ರಿ. ಹೊಂಟಿದ್ದೆಲ್ಲಾ ಮುಟ್ಟಂಗಿಲ್ಲ, ದಾರ್ಯಾಗ ಹೋಗ್ತದಂತ. ನಂದೊಂದು ವರ್ಷ ನಿಮ್ಮ ವೈರಿನ್ಯಾಗ ಹೋತ್ರಿ.”

ಸಿಟ್ಟಿನಿಂದ ಹೇಳಲಿಲ್ಲ. ದೋಷ ಏನೆಂದು ಕೇಳಿದಾಗ ಹೇಳುತ್ತಿದ್ದ ಧ್ವನಿಯಲ್ಲೇ ಹೇಳಿದಳು. ಬರೆದುಕೊಳ್ಳಲು ನನ್ನ ಹತ್ತಿರ ರಿಜಿಸ್ಟರು ಇರಲಿಲ್ಲ. ಉಂಡಿ ಕೈಯಲ್ಲಿ ಹಿಡಿದು ನಿಂತಿದ್ದೆ, ಅವಳು ಬುಟ್ಟಿ ಹಿಡಿದು ಪಕ್ಕದವರ ಕಡೆಗೆ ಹೋದಳು.